ನಡೆದು ಹೊರಬಂದವನು

ಅಮೆರಿಕನ್ ಫುಟ್‌ಬಾಲ್ ಮೈದಾನದ ನಡುವೆ ಲೆಮ್ ತಪ್ಪು ದಿಕ್ಕಿಗೆ ಮುಖ ಮಾಡಿ ನಿಂತಿದ್ದ. ಎದುರಾಳಿಗಳು ಅವನ ಬೆನ್ನ ಹಿಂದಿದ್ದರು. ತಲೆಗೆ ಹೆಲ್ಮೆಟ್ ಇಲ್ಲದ ಆ ಕಾಲದಲ್ಲಿ ಪೆಟ್ಟು ತಡೆಯಲೆಂದು ಬೇಸಿಗೆಯಿಂದ ಬೆಳೆಸಿದ್ದ ಅವನ ಕೂದಲು ಒಂದು ಪಕ್ಕದಲ್ಲಿ ರಕ್ತಕ್ಕೆ ಅಂಟಿಕೊಂಡಿತ್ತು.

ಗೆರೆಯಾಚೆ ನಿಂತಿದ್ದ ಕೋಚ್ ಪ್ರೌಟಿ ಹಲ್ಲು ಕಡಿದ. ಆಗಿನ ನಿಯಮದಂತೆ ಆಟ ನಡೆಯುವಾಗ ಕೋಚ್ ಆಟಗಾರರಿಗೆ ಏನೂ ಹೇಳುವಂತಿಲ್ಲ. ಯಾರನ್ನು ಹೊರಗೆ ಕಳಿಸಬೇಕೆಂಬುದು ನಾಯಕನ ತೀರ್ಮಾನ. ನಾಯಕ ವಿಂಥ್ರಾಪ್ ಲೆಮ್‌ನ ಭುಜ ಹಿಡಿದು, ಗಾಡಿಯ ಎತ್ತನ್ನು ತಿರುಗಿಸುವಂತೆ ತಿರುಗಿಸಿ ನಿಲ್ಲಿಸಿದ.

"ಆ ವಿಂಥ್ರಾಪ್‌ಗೆ ಕಣ್ಣು ಕಾಣಲ್ವಾ?" ಪ್ರೌಟಿ ಸಿಡುಕಿದ. "ಲೆಮ್‌ಗೆ ತಾನೆಲ್ಲಿದೀನಿ ಅಂತಾನೇ ಗೊತ್ತಿಲ್ಲ!"

"ಮೆತ್ತಗೆ, ಪ್ರೌಟಿಯವರೇ," ಎಂದರು ಪಕ್ಕದಲ್ಲಿದ್ದ ಕಾಲೇಜಿನ ಅಧ್ಯಕ್ಷರು. "ಇವರನ್ನ ನಾವು ಒಂದ್ಸಲಾನೂ ಸೋಲಿಸಿಲ್ಲ. ಇವತ್ತು ಮುಂದಿದೀವಿ. ಗೆದ್ರೆ ಮುಂದಿನ ವರ್ಷಾನೂ ನೀವೇ ಕೋಚ್, ಇಲ್ದಿದ್ರೆ ಗಂಟುಮೂಟೆ ಕಟ್ಟಿ."

"ಹುಡುಗ ಸತ್ತೋಗ್ತಾನೆ ಸ್ವಾಮಿ!"

"ನಿಂತಿದಾನಲ್ಲ! 'ಆಟದ ಮಧ್ಯೆ ತನ್ನ ಕಾಲಲ್ಲಿ ನಡ್ಕೊಂಡು ಆಚೆ ಬಂದೋನಿಗೆ ನನ್ನ ಮೇಜಲ್ಲಿ ಊಟ ಇಲ್ಲ' ಅಂತ ಹುಡುಗರಿಗೆ ಕಲಿಸಿದ್ದು ಯಾರು? ನಾನಾ?"

ಪ್ರೌಟಿಯ ಮೈ ಉರಿದುಹೋಯಿತು. ಆ ಮಾತು ಅವನದೇ. ತಂಡದ ಮೇಜಿನ ಮೇಲೆ ದಿನವೂ ಸುಟ್ಟ ದನದ ಮಾಂಸ ಇರುತ್ತಿತ್ತು; ಬಡತನದಲ್ಲಿ ಬರೀ ಆಲೂಗಡ್ಡೆ ತಿಂದು ಬೆಳೆದ ಲೆಮ್ ಅಲ್ಲಿ ತಲೆಯೆತ್ತದೆ ಉಣ್ಣುತ್ತಿದ್ದ. ಹುಡುಗರು ತಂಡ ಸೇರಿದ ಮೊದಲ ದಿನ ಆ ಮಾತನ್ನು ಮೇಜು ಗುದ್ದಿ ಗುದ್ದಿ ಹೇಳಿದ್ದ ತನ್ನ ಬಾಯಿಗಿಷ್ಟು ಮಣ್ಣು ಹಾಕಬೇಕೆನಿಸಿತು.

ಎದುರಾಳಿಗಳು ಕೈಗೆ ಕೈ ಹೆಣೆದು ಒಂದೇ ಮುದ್ದೆಯಾಗಿ ನುಗ್ಗಿದರು. ಲೆಮ್ ತಪ್ಪಿಸಿಕೊಳ್ಳಲೇ ಇಲ್ಲ. ಗುಂಪು ಚದುರಿದಾಗ ಅವನು ಮೊಣಕೈಯೂರಿ ಏಳಲು ಹವಣಿಸುತ್ತಿದ್ದ.

"ಏಳೋ ಲೆಮ್, ಏಳೋ!" ವಿಂಥ್ರಾಪ್ ಕೂಗಿದ.

ಪ್ರೌಟಿ ಗೆರೆ ದಾಟಿದ. ರೆಫರಿ ಸೀಟಿ ಊದಿದ. ಜನ ಬೊಬ್ಬೆಯಿಟ್ಟರು.

"ಹುಚ್ಚು ಹಿಡೀತಾ ಕೋಚ್?" ವಿಂಥ್ರಾಪ್ ಅಡ್ಡ ಬಂದ. "ನಮಗೆ ದಂಡ ಹಾಕ್ತಾರೆ! ನೀವೇ ನಮ್ಮನ್ನ ಸೋಲಿಸ್ತೀರಾ?"

"ಬಾಯ್ಮುಚ್ಚೋ ಕಟುಕ!" ವಿಂಥ್ರಾಪ್‌ನನ್ನು ನೂಕಿ, ಪ್ರೌಟಿ ಲೆಮ್‌ನ ಕಂಕುಳಿಗೆ ಕೈ ಹಾಕಿ ಎಳೆದ. ಲೆಮ್ ಎರಡೂ ಕೈಯಲ್ಲಿ ಹುಲ್ಲು ಹಿಡಿದುಕೊಂಡ. ತಿರುಗಿ ಪ್ರೌಟಿಯ ಮುಖವನ್ನೇ ನೋಡಿದ, ಗುರುತು ಹತ್ತಲಿಲ್ಲ.

"ದಮ್ಮಯ್ಯ, ಬಿಡಣ್ಣ," ಎಂದ. "ಆಚೆ ಹೋದ್ರೆ ಕೋಚ್ ಊಟಕ್ಕೆ ಕೂರಿಸಲ್ಲ. ಆ ಮನುಷ್ಯ ಎಂಥೋನು ಅಂತ ನಿಂಗೊತ್ತಿಲ್ಲ."

ಜನ ಇನ್ನೂ ಕೂಗುತ್ತಲೇ ಇದ್ದರು. ಪ್ರೌಟಿ ಕೆಸರಿನಲ್ಲಿ ಮಂಡಿಯೂರಿ, ಹುಲ್ಲಿನೊಳಗೆ ಬಿಗಿದಿದ್ದ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದ.