ಬ್ರೇಕಿನ ಮೇಲಿದ್ದ ಎಡಗಾಲು

ಕಾರು ಕೆಟ್ಟದ್ದು ನನ್ನಿಂದಲೇ ಎಂಬ ಅನುಮಾನವನ್ನು ಹದಿನೇಳು ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ. ಡೈರಿಯಲ್ಲಿ ಕೂಡ ನೇರವಾಗಿ ಬರೆಯದೆ ‘ಆ ಎಣ್ಣೆಯ ವಿಷಯ’ ಎಂದಷ್ಟೇ ಬರೆಯುತ್ತಿದ್ದೆ, ಡೈರಿ ಹೋಗಿ ಅಮ್ಮನಿಗೆ ಚಾಡಿ ಹೇಳೀತು ಎಂಬಂತೆ.

ವಿಷಯ ಇಷ್ಟೆ. ನಮ್ಮದು ಇಪ್ಪತ್ತೆರಡು ವರ್ಷದ ಹಳೆಯ ಕಾರು. ಗೇರು ತಾನೇ ಬದಲಾಗುವಂಥದು, ಕಾಲಿಗೆ ಕ್ಲಚ್ ಇಲ್ಲ. ಅದು ಎರಡು ತಿಂಗಳಿಂದ ಮೊಂಡು ಹಿಡಿದಿತ್ತು. ಗೇರಿಗೆ ಹಾಕಿದರೆ ಕೂಡಲೇ ಹೊರಡುತ್ತಿರಲಿಲ್ಲ, ಯಾರೋ ಕರೆದರೋ ಇಲ್ಲವೋ ಎಂದು ಯೋಚಿಸುವವರ ಹಾಗೆ ನಿಂತು, ಆಮೇಲೆ ಒಂದು ಗುದ್ದು ಕೊಟ್ಟು ಹೊರಡುತ್ತಿತ್ತು. “ಗೇರ್‌ಬಾಕ್ಸ್ ಎಣ್ಣೆ ಕಮ್ಮಿ ಆಗಿರ್ಬೇಕು, ಆ ಬಾಟ್ಲಿ ಸುರಿದುಬಿಡೆ” ಎಂದು ಅಮ್ಮ ಒಂದು ಬೆಳಿಗ್ಗೆ ಹೇಳಿದಳು. ಸುರಿದೆ. ಬಾಟಲಿಯ ಮೇಲಿನ ಸಣ್ಣ ಅಕ್ಷರಗಳನ್ನು ಓದದೆ ಸುರಿದೆ. ಆ ವಾರವೇ ಕಾರು ಏರಿನಲ್ಲಿ ಸೋತುಹೋಯಿತು. ಖಾಲಿ ಬಾಟಲಿ ಅಂದಿನಿಂದ ನನ್ನ ಕಪಾಟಿನಲ್ಲಿ ಬಿ.ಎ. ಪುಸ್ತಕಗಳ ಹಿಂದೆ ಅಡಗಿ ಕೂತಿತ್ತು.

ಬೇರೆ ಯಾರ ಮನೆಯಲ್ಲಾದರೂ ಇದು ಸಣ್ಣ ತಪ್ಪು. ನನ್ನಮ್ಮ ಇಪ್ಪತ್ತೆಂಟು ವರ್ಷ ಡ್ರೈವಿಂಗ್ ಶಾಲೆ ನಡೆಸಿದವಳು. ಬೀದಿಯಲ್ಲಿ ಹೋಗುವ ಹತ್ತು ಕಾರುಗಳಲ್ಲಿ ನಾಲ್ಕರ ಚಾಲಕರು ಅವಳಿಂದ ಬೈಸಿಕೊಂಡವರು. ಬ್ಯಾಂಕಿನ ಮ್ಯಾನೇಜರು, ಹಲ್ಲಿನ ಡಾಕ್ಟರು, ಎಲ್ಲರೂ ಅವಳನ್ನು ಕಂಡರೆ ಸ್ಟೀರಿಂಗ್ ಮೇಲೆ ಎರಡು ಕೈ ಇಡುತ್ತಾರೆ. ನಾನೋ, ಅಂಗಡಿಯವನು ಚಿಲ್ಲರೆ ಕಡಿಮೆ ಕೊಟ್ಟರೂ ಬಾಯಿಬಿಡದೆ ಮನೆಗೆ ಬಂದು ಡೈರಿಯಲ್ಲಿ ಜಗಳವಾಡುವವಳು.

ಕಾರನ್ನು ಕಪ್ಪೆಯಣ್ಣನ ಗ್ಯಾರೇಜಿಗೆ ಎಳೆಸಿದೆವು. ಅವನಿಗೆ ಈಗ ಐವತ್ತರ ಮೇಲೆ, ಮೀಸೆ ಅರ್ಧ ನರೆತಿದೆ. ಹೆಸರಿಟ್ಟದ್ದು ಅಮ್ಮನೇ. ಕಲಿಯುವಾಗ ಅವನು ಕ್ಲಚ್ ಬಿಟ್ಟರೆ ಕಾರು ಮೂರು ಸಲ ಕುಪ್ಪಳಿಸಿ ಸಾಯುತ್ತಿತ್ತಂತೆ.

“ಏನೋ ಕಪ್ಪೆ, ನೋಡೋ ಇದನ್ನ” ಎಂದಳು ಅಮ್ಮ.

“ಬನ್ನಿ ಟೀಚರ್. ತಂಗಿ, ನೀನೂ ಬಾಮ್ಮ, ಹುಷಾರು, ಕೆಳಗೆ ಎಣ್ಣೆ ಇದೆ.”

ಎಣ್ಣೆ ಎಂಬ ಮಾತಿಗೇ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಎಂದರೆ ಇದೇ ಇರಬೇಕು.

ಅವನು ಎಂಜಿನ್ ಬಿಸಿಯಾಗುವವರೆಗೆ ಓಡಿಸಿದ. ಈ ಎಣ್ಣೆಯ ಮಟ್ಟವನ್ನು ಎಂಜಿನ್ ಓಡುತ್ತಿರುವಾಗಲೇ ನೋಡಬೇಕಂತೆ. ಉದ್ದನೆಯ ಕಡ್ಡಿ ಎಳೆದು ಬಿಳಿ ಕಾಗದದ ಮೇಲೆ ಒರೆಸಿದ. ಕೆಂಪಗಿರಬೇಕಾದದ್ದು ಕಪ್ಪು ಕಂದಾಗಿತ್ತು. ಕಾಗದವನ್ನು ಮೂಗಿಗೆ ಹಿಡಿದವನು ಮುಖ ಕಿವುಚಿ ಅಮ್ಮನಿಗೆ ಕೊಟ್ಟ.

“ಸೀದಿದೆ” ಎಂದಳು ಅಮ್ಮ.

“ಮಟ್ಟ ಸರಿಯಾಗಿದೆ. ಆದ್ರೆ ಸುಟ್ಟು ಕರಕಲಾಗಿದೆ.”

ಆಮೇಲೆ ಅವನೇ ಒಳಗೆ ಕೂತ. ಬ್ರೇಕನ್ನು ಬಲವಾಗಿ ಒತ್ತಿ, ಗೇರಿಗೆ ಹಾಕಿ, ಎಕ್ಸಲರೇಟರ್ ತುಳಿದು ಮೂರು ಎಣಿಸುವಷ್ಟು ಹೊತ್ತು ಹಿಡಿದ. ಎಂಜಿನ್ ಕಿವಿ ಕಿತ್ತುಹೋಗುವಂತೆ ಅರಚಿತು. ಎಂಜಿನ್ ವೇಗ ತೋರಿಸುವ ಮುಳ್ಳು ನಿಲ್ಲಬೇಕಾದ ಗೆರೆಯನ್ನು ದಾಟಿ ಎಲ್ಲಿಗೋ ಏರಿತು.

“ಎಂಜಿನ್ ಕೂಗ್ತಾ ಇದೆ, ಚಕ್ರಕ್ಕೆ ಕೇಳಿಸ್ತಾ ಇಲ್ಲ. ಮಧ್ಯದಲ್ಲಿ ಮಾತು ಮುಟ್ಟಿಸೋನು ಸತ್ತಿದಾನೆ ಟೀಚರ್.”

ಕಾರನ್ನು ಮೇಲೆತ್ತಿ ಗೇರ್‌ಬಾಕ್ಸಿನ ಅಡಿಯ ತಟ್ಟೆ ಬಿಚ್ಚಿದ. ಎಣ್ಣೆಯೆಲ್ಲ ಬಸಿದ ಮೇಲೆ ತಳದಲ್ಲಿ ಉಳಿದದ್ದನ್ನು ನಾವು ಮೂವರೂ ಬಗ್ಗಿ ನೋಡಿದೆವು. ಒಲೆಯ ಹಿಂದಿನ ಮಸಿಯಂಥ ಕಪ್ಪು ಚೂರುಗಳು. ತಳದ ಆಯಸ್ಕಾಂತಕ್ಕೆ ಬೂದು ಬಣ್ಣದ ಲೋಹದ ಹುಡಿ ಮುಳ್ಳುಮುಳ್ಳಾಗಿ ಅಂಟಿತ್ತು. ಕಪ್ಪೆಯಣ್ಣ ಅದನ್ನು ಬೆರಳಲ್ಲಿ ಉಜ್ಜಿದ. ಬೆರಳು ಮಿನುಗಿತು.

“ಒಳಗಿನ ಕ್ಲಚ್ ಪ್ಲೇಟುಗಳ ಚರ್ಮ ಇದು.”

“ಕ್ಲಚ್ಚಿಲ್ಲದ ಕಾರು ಅಂತ ತಾನೇ ತಗೊಂಡಿದ್ದು!”

“ಇರುತ್ತೆ ಟೀಚರ್. ನಮ್ಮ ಕಾಲಿಗೆ ಸಿಗಲ್ಲ ಅಷ್ಟೇ. ಸಿಕ್ಕಿದ್ರೆ ನನ್ನಂಥೋರು ಕುಪ್ಪಳಿಸ್ತಾರಲ್ಲ.” ಅಮ್ಮ ನಗಲಿಲ್ಲ. “ರಿಪೇರಿ ಅನ್ನೋ ಮಾತೇ ಇಲ್ಲ. ಇಡೀ ಗೇರ್‌ಬಾಕ್ಸ್ ಇಳಿಸಿ, ಬಿಚ್ಚಿ ಸರಿ ಮಾಡಿರೋ ಬೇರೆಯದನ್ನ ಕೂರಿಸ್ಬೇಕು. ಹುಡುಕಿ ತರ್ತೀನಿ.”

ನನಗೆ ತಡೆಯಲಾಗಲಿಲ್ಲ. ಎರಡು ಬೀದಿಯಾಚೆಯ ಮನೆಗೆ ಓಡಿ ಬಾಟಲಿಯನ್ನು ದುಪಟ್ಟಾದಲ್ಲಿ ಸುತ್ತಿ ತಂದೆ. ಅಮ್ಮ ಫೋನಿನಲ್ಲಿದ್ದಳು. ಹೆಣ ತೋರಿಸುವವಳ ಹಾಗೆ ಬಾಟಲಿಯನ್ನು ಕಪ್ಪೆಯಣ್ಣನ ಮುಂದೆ ಬಿಚ್ಚಿ ಹಿಡಿದೆ.

ಅವನು ಹಿಂದೆ ಮುಂದೆ ತಿರುಗಿಸಿ ಓದಿದ. “ಇದನ್ನ ನೀನು ಹಾಕಿದ್ಯಾ? ಸರಿಯಾದ ಎಣ್ಣೇನೇ ಇದು ಕಣಮ್ಮ. ಯಾಕೆ ಹೀಗೆ ಬಿಳಿಚಿಕೊಂಡಿದೀಯಾ?”

ಅಲ್ಲೇ ಬಿದ್ದಿದ್ದ ಟೈರಿನ ಮೇಲೆ ಕೂತುಬಿಟ್ಟೆ. ಹದಿನೇಳು ದಿನದ ಅಪರಾಧ ಒಂದು ಸಾಲಿನಲ್ಲಿ ಖುಲಾಸೆ. ಆದರೆ ನನ್ನ ನೆಮ್ಮದಿ ಐದು ನಿಮಿಷವೂ ಬಾಳಲಿಲ್ಲ. ಕಪ್ಪೆಯಣ್ಣ ಮುಂದಿನ ಚಕ್ರ ಕಳಚಿದವನು “ಅರೆ” ಎಂದು ಕುಕ್ಕರಗಾಲಲ್ಲಿ ಕೂತ. ಬ್ರೇಕಿನ ತಟ್ಟೆ ನೀಲಿಗಟ್ಟಿತ್ತು, ಕಾದ ಬಾಣಲೆಯ ಅಂಚಿನ ಹಾಗೆ. ನಾಲ್ಕು ತಿಂಗಳ ಹಿಂದೆ ಅವನೇ ಹಾಕಿದ್ದ ಬ್ರೇಕ್ ಪ್ಯಾಡುಗಳು ಸವೆದು ತಗಡು ಉಳಿದಿತ್ತು.

ಅಮ್ಮ ಬಂದಾಗ ಅವನು ನೆಲ ನೋಡುತ್ತ ಕೇಳಿದ: “ಟೀಚರ್, ಒಂದು ಮಾತು. ಬೈಬೇಡಿ. ಓಡಿಸೋವಾಗ ಎಡಗಾಲು ಎಲ್ಲಿಟ್ಟಿರ್ತೀರಿ?”

“ಎಲ್ಲಿ ಅಂದ್ರೆ? ಕಾಲಿಡೋ ಜಾಗದಲ್ಲಿ.”

“ಬ್ರೇಕ್ ಮೇಲಾ?”

ಅಮ್ಮನಿಗೆ, ಅದೂ ಅವಳ ಶಿಷ್ಯ, ಕೇಳುವ ಪ್ರಶ್ನೆಯೇ ಇದು? ಅಮ್ಮ ಅವನನ್ನು ಬೈಯಲಿಲ್ಲ. ಸೆರಗಿನಿಂದ ಕತ್ತು ಒರೆಸಿಕೊಂಡಳು.

“ಒಂದು ಕಾಲಲ್ಲಿ ಬ್ರೇಕು, ಇನ್ನೊಂದು ಕಾಲಲ್ಲಿ ಎಕ್ಸಲರೇಟರು, ಎರಡೂ ಒಟ್ಟಿಗೆ ಒತ್ತಿದ್ರೆ ಈ ಥರದ ಗೇರ್‌ಬಾಕ್ಸು ಒಳಗೊಳಗೇ ಬೆಂದು ಹೋಗುತ್ತೆ” ಎಂದು ತಡವರಿಸುತ್ತ ಹೇಳಿ, ಅವನೇ ಸಮಾಧಾನವನ್ನೂ ಸೇರಿಸಿದ. “ನಿಮ್ದೇನೂ ತಪ್ಪಿಲ್ಲ. ಇಪ್ಪತ್ತೆಂಟು ವರ್ಷ ಪಕ್ಕದ ಸೀಟಲ್ಲಿ, ಕಲಿಸೋರಿಗೆ ಅಂತಾನೇ ಇರೋ ಇನ್ನೊಂದು ಬ್ರೇಕ್ ಮೇಲೆ ಕಾಲಿಟ್ಕೊಂಡು ಕೂತೋರು. ನಾವು ಯಾವಾಗ ಯಾರಿಗೆ ಗುದ್ದುತೀವೋ ಅಂತ. ಆ ಕಾಲಿಗೆ ಇನ್ನೂ ಭಯ ಹೋಗಿಲ್ಲ.”

“ನಿನ್ನಂಥ ಕಪ್ಪೆಗಳನ್ನ ಸಾಕಿದ್ರೆ ಭಯ ಎಲ್ಲಿ ಹೋಗುತ್ತೋ” ಎಂದಳು ಅಮ್ಮ. ಇಬ್ಬರೂ ನಕ್ಕರು. ನಾನೂ ನಕ್ಕೆ. ವಿವರಣೆ ಎಷ್ಟು ಚೆನ್ನಾಗಿ ಹೊಂದಿತೆಂದರೆ ಅಂದು ಡೈರಿಯಲ್ಲಿ ಅದನ್ನೇ ಎರಡು ಪುಟ ಬರೆದೆ.

ನಾಲ್ಕನೆಯ ದಿನ ಬೇರೆ ಗೇರ್‌ಬಾಕ್ಸು ಬಂತು. ಕೂರಿಸುವುದನ್ನು ನೋಡಲೇಬೇಕೆಂದು ಅಮ್ಮ ಹಟ ಹಿಡಿದಳು. ಬೆಳಿಗ್ಗೆಯಿಂದ ಸಂಜೆಯವರೆಗೆ ಅವಳು ಗ್ಯಾರೇಜಿನಲ್ಲಿ ಅಡ್ಡಾಡುತ್ತ, ಅದೇನು ಇದೇನು ಎಂದು ಕೇಳುತ್ತ, ಕಪ್ಪೆಯಣ್ಣನ ತಲೆ ತಿಂದಳು. ಎಂಜಿನ್ನಿನ ಶಕ್ತಿಯನ್ನು ಗೇರಿಗೆ ದಾಟಿಸುವ ದುಂಡನೆಯ ಡಬ್ಬಿಯನ್ನು ಅವನು ಎರಡು ಕೈಯಲ್ಲಿ ತಿರುಗಿಸುತ್ತ ಒಳಗೆ ಕೂರಿಸುತ್ತಿದ್ದ. “ಮೂರು ಸಲ ‘ಟಕ್’ ಅನ್ಬೇಕು. ಎರಡಕ್ಕೇ ಬೋಲ್ಟ್ ಬಿಗಿದ್ರೆ ಮುಗೀತು, ಸ್ಟಾರ್ಟ್ ಮಾಡ್ತಿದ್ದ ಹಾಗೇ ಪಂಪು ಪುಡಿಪುಡಿ.” ಮೂರನೆಯ ಟಕ್ ಕೇಳುವವರೆಗೆ ಅಮ್ಮ ಮಾತಾಡಲಿಲ್ಲ. ಹಳೆಯ ಹೊಲಸು ಹೊಸದಕ್ಕೆ ಸೇರದಿರಲೆಂದು ಎಣ್ಣೆ ತಂಪಾಗಿಸುವ ಕೊಳವೆಗಳನ್ನೂ ಅವನು ಬದಲಿಸಿದ. ಬ್ರೇಕಿಗೂ ಹೊಸ ತಟ್ಟೆ, ಹೊಸ ಪ್ಯಾಡು ಹಾಕಿದ.

ಸಂಜೆ ಮನೆಯ ಬಾಗಿಲಲ್ಲಿ ಅಮ್ಮ ಬಲಗಾಲಿನ ಬೂಟು ಕಳಚಿದಳು. ಅದರೊಳಗಿಂದ ಏನೋ ನೆಲಕ್ಕೆ ಬಿದ್ದು ಟಣ್ ಎಂದಿತು. ಹೆಬ್ಬೆಟ್ಟಿನಷ್ಟು ದೊಡ್ಡ ನಟ್ಟು.

ಅವಳ ಕಾಲ್ಚೀಲ ಪಾದದಡಿ ಒದ್ದೆಯಾಗಿತ್ತು. ತೆಗೆದು ನೋಡಿದರೆ ಆರು ಮೂಲೆಯ ಗುರುತು ಮುದ್ರೆಯೊತ್ತಿದ ಹಾಗೆ ಮಾಂಸದೊಳಗೆ ಇಳಿದು, ಮೂಲೆಗಳಲ್ಲಿ ರಕ್ತ ಜಿನುಗಿತ್ತು. ಮಧ್ಯಾಹ್ನ ಬೆಂಚಿನ ಮೇಲೆ ಅವಳು ಒಮ್ಮೆ ಬೂಟು ಬಿಚ್ಚಿಟ್ಟು ಕೂತಿದ್ದು ನೆನಪಾಯಿತು. ಆಗ ಬಿದ್ದಿರಬೇಕು. ಅಲ್ಲಿಂದ ಐದು ಗಂಟೆ ಅವಳು ಅದರ ಮೇಲೆಯೇ ನಡೆದಾಡಿದ್ದಳು.

“ಅಮ್ಮ, ನೋವಾಗ್ಲಿಲ್ವಾ?”

“ಅಯ್ಯೋ, ಇದ್ಯಾವಾಗ ಬಂತು?” ಎಂದಳು. ಅವಳ ಮುಖದಲ್ಲಿ ಒಂದು ಕ್ಷಣ ಕಂಡದ್ದು ನೋವಲ್ಲ, ಸಿಕ್ಕಿಬಿದ್ದವರ ಗಾಬರಿ. ಮರುಕ್ಷಣವೇ ನಗು. “ನಾಳೆ ಅವನಿಗೆ ವಾಪಸ್ ಕೊಡೆ. ಇಲ್ಲಾಂದ್ರೆ ಯಾರದೋ ಕಾರಿನ ಚಕ್ರ ಉದುರೀತು. ಸಕ್ಕರೆ ಕಾಯಿಲೆ ಇರೋರಿಗೆ ಸ್ವಲ್ಪ ಜೋಮು ಇದ್ದಿದ್ದೇ. ಅಕ್ಕನಿಗೆ ಫೋನ್ ಮಾಡಿ ಊದಬೇಡ, ಗೊತ್ತಾಯ್ತಾ?”

ಗಾಯಕ್ಕೆ ಪಟ್ಟಿ ಕಟ್ಟಿದೆ. ಕಟ್ಟುವಾಗ ಅವಳಿಗೆ ತಿಳಿಯದಂತೆ ಕಿರುಬೆರಳನ್ನು ಚಿವುಟಿದೆ. ಅವಳು ಕಿಟಕಿಯಾಚೆ ನೋಡುತ್ತ, ಮೊಮ್ಮಗಳು ಗುಬ್ಬಿಯನ್ನು ಇನ್ನು ಬಸ್ಸಿಗೆ ಹಾಕಬೇಕಾಗಿಲ್ಲ, ನಾಳೆಯಿಂದ ಮತ್ತೆ ಮೂರು ಗಂಟೆಗೆ ತಾನೇ ಶಾಲೆಯಿಂದ ಕರೆತರುತ್ತೇನೆ ಎಂದು ಹೇಳುತ್ತಲೇ ಇದ್ದಳು. ಇನ್ನೂ ಜೋರಾಗಿ ಚಿವುಟಿದೆ. ಮಾತು ನಿಲ್ಲಲಿಲ್ಲ.

ಎಡಗಾಲು ಯಾಕೆ ಬ್ರೇಕಿನ ಮೇಲಿತ್ತು ಎಂಬುದು ಆಗ ನನಗೆ ತಿಳಿಯಿತು. ಭಯವಲ್ಲ, ರೂಢಿಯೂ ಅಲ್ಲ. ಬಲಗಾಲಿಗೆ ಬ್ರೇಕ್ ಯಾವುದು, ಎಕ್ಸಲರೇಟರ್ ಯಾವುದು ಎಂದು ಸಿಗುತ್ತಿರಲಿಲ್ಲ. ಎಡಗಾಲು ಅದರ ಕೆಲಸವನ್ನೂ ಮಾಡಿಕೊಂಡು ಅವಳನ್ನೂ ದಾರಿಯವರನ್ನೂ ಕಾಯುತ್ತಿತ್ತು. ಅದನ್ನೀಗ ನಾವು ಮೂವರೂ ಸೇರಿ, ನಕ್ಕು, ಬ್ರೇಕಿನಿಂದ ಇಳಿಸಿದ್ದೆವು.

ಡೈರಿ ತೆರೆದೆ. ಒಂದು ಸಾಲೂ ಬರೆಯಲಾಗಲಿಲ್ಲ. ಬೆಳಿಗ್ಗೆ ಹೇಳುತ್ತೇನೆ ಎಂದುಕೊಂಡೆ. ಬೆಳಿಗ್ಗೆ ಅವಳು ಇಸ್ತ್ರಿ ಸೀರೆ ಉಟ್ಟು ಕನ್ನಡಕ ಒರೆಸಿಕೊಳ್ಳುತ್ತ ಹಾಡು ಗುನುಗುತ್ತಿದ್ದಳು. ಬಾಯಿ ಬರಲಿಲ್ಲ.

ಗ್ಯಾರೇಜಿನ ಅಂಗಳದಲ್ಲಿ ಕಾರು ತೊಳೆದು ನಿಂತಿತ್ತು. ಕಪ್ಪೆಯಣ್ಣ ಬೆಳಿಗ್ಗೆಯೇ ಒಂದು ಸುತ್ತು ಹೋಗಿಬಂದಿದ್ದ. “ಬೆಣ್ಣೆ ಟೀಚರ್, ಬೆಣ್ಣೆ. ಗೇರು ಬದಲಾಗಿದ್ದೇ ಗೊತ್ತಾಗಲ್ಲ. ಎಡಗಾಲು ಮಾತ್ರ ಸೀಟಿನ ಕೆಳಗೆ. ಕಟ್ಟಿಹಾಕೋಕೆ ಹಗ್ಗ ಕೊಡ್ಲಾ?”

“ಗುರುವಿಗೇ ಪಾಠ ಹೇಳ್ತಾನೆ ನೋಡು. ಹತ್ತೇ ಮಗಳೇ.”

ನಾನು ಪಕ್ಕದ ಸೀಟಿನಲ್ಲಿ ಕೂತೆ. ಕಪ್ಪೆಯಣ್ಣ ಅವಳ ಕಿಟಕಿಯ ಮೇಲೆ ಕೈಯಿಟ್ಟು ಪಕ್ಕದಲ್ಲೇ ನಡೆದ. ಅಮ್ಮ ಎಡಗಾಲನ್ನು ಶಿಸ್ತಾಗಿ ಹಿಂದಕ್ಕೆಳೆದುಕೊಂಡಳು. ಕಾರು ಹೂವಿನಂತೆ ಹೊರಟಿತು. ಎದುರಿನ ಗೇಟಿನಾಚೆ ರಸ್ತೆಯಲ್ಲಿ ಜನ ಓಡಾಡುತ್ತಿದ್ದರು, ಪಕ್ಕಕ್ಕೆ ಹಳೆಯ ಟೈರುಗಳ ರಾಶಿ ಇತ್ತು.

“ನಿಲ್ಸಿ ಟೀಚರ್, ಲಾರಿ ಹೋಗ್ಲಿ” ಎಂದ ಅವನು.

ಅಮ್ಮ ಬಲಗಾಲನ್ನು ಒತ್ತಿದಳು. ಎಂಜಿನ್ ಅಬ್ಬರಿಸಿತು. ನನ್ನ ಬೆನ್ನು ಸೀಟಿಗೆ ಅಪ್ಪಳಿಸಿತು. ಅಮ್ಮ ಸ್ಟೀರಿಂಗ್ ಒಂದೇ ಸಲ ಎಳೆದಳು, ಇಪ್ಪತ್ತೆಂಟು ವರ್ಷದ ಕೈ ಅದು. ಕಾರು ಗೇಟು ಬಿಟ್ಟು ಟೈರುಗಳ ರಾಶಿಗೆ ನುಗ್ಗಿತು. ಟೈರುಗಳು ಬಾನೆಟ್ಟಿನ ಮೇಲೆ ದಬದಬ ಬಿದ್ದವು. ಚಕ್ರಗಳು ಇನ್ನೂ ತಿರುಗುತ್ತಿದ್ದವು, ರಬ್ಬರು ಸುಟ್ಟ ವಾಸನೆ ಏಳುತ್ತಿತ್ತು. ಕಪ್ಪೆಯಣ್ಣ ಓಡಿಬಂದು ಕಿಟಕಿಯೊಳಗೆ ಕೈ ಹಾಕಿ ಕೀಲಿ ತಿರುಗಿಸಿದ.

ಯಾರಿಗೂ ಏನೂ ಆಗಿರಲಿಲ್ಲ.

“ಬ್ರೇಕೇ ಹಿಡೀಲಿಲ್ಲ!” ಅಮ್ಮ ಕೂಗಿದಳು. “ಏನು ಕೂರ್ಸಿದೀಯೋ ನೀನು? ಒತ್ತಿದ್ರೆ ಮುಂದಕ್ಕೆ ನುಗ್ಗುತ್ತಲ್ಲೋ!”

ಕಪ್ಪೆಯಣ್ಣನ ಮುಖ ಸುಣ್ಣವಾಗಿತ್ತು. “ಎಕ್ಸಲರೇಟರ್ ಕೇಬಲ್ ಎಲ್ಲೋ ಸಿಕ್ಹಾಕ್ಕೊಂಡಿರ್ಬೇಕು ಟೀಚರ್. ನಂದೇ ತಪ್ಪು. ಬೆಳಿಗ್ಗೆ ನೋಡಿದ್ದೆ, ಆದ್ರೂ… ನಂದೇ ತಪ್ಪು. ಈಗ್ಲೇ ಬಿಚ್ತೀನಿ. ಗುಬ್ಬೀನ ಕರ್ಕೊಂಡು ಬರೋ ಹೊತ್ತಿಗೆ ನಿಮ್ಮ ಕೈಗೆ ಕೊಡ್ತೀನಿ.”

“ಮೂರಕ್ಕೆ ನಾನು ಶಾಲೆ ಗೇಟಲ್ಲಿರ್ಬೇಕು. ಮಕ್ಕಳೆಲ್ಲ ಅಲ್ಲೇ ನಿಂತಿರ್ತಾರೆ.”

“ಖಂಡಿತ ಟೀಚರ್.”

“ನೋಡೋ, ಈಗ್ಲೂ ಒತ್ಕೊಂಡೇ ಇದೀನಿ ಬ್ರೇಕನ್ನ. ಪೂರ್ತಿ ಒತ್ತಿದೀನಿ. ನೋಡು ಬೇಕಾದ್ರೆ!”

ಅವನು ನೋಡಲಿಲ್ಲ. ಗುರುವಿನ ಕಾಲನ್ನು ಬಗ್ಗಿ ನೋಡುವಷ್ಟು ಧೈರ್ಯ ಅವನಿಗಿರಲಿಲ್ಲ. ಅವನಾಗಲೇ ಬಾನೆಟ್ಟಿನ ಮೇಲಿನ ಟೈರುಗಳನ್ನು ಇಳಿಸತೊಡಗಿದ್ದ.

ನಾನು ನೋಡಿದೆ. ಅಮ್ಮನ ಬೂಟು ಎಕ್ಸಲರೇಟರನ್ನು ನೆಲಕ್ಕೆ ಅಂಟುವವರೆಗೆ ತುಳಿದು ನಿಂತಿತ್ತು. ಬ್ರೇಕು ಅದರ ಪಕ್ಕದಲ್ಲಿ ಯಾರೂ ಮುಟ್ಟದೆ ಹಾಗೇ ಇತ್ತು.

“ಅಣ್ಣ, ಬಿಚ್ಬೇಡಿ” ಎಂದೆ. ನನ್ನ ದನಿ ನನಗೇ ಪರಿಚಯವಿಲ್ಲದಷ್ಟು ದೊಡ್ಡದಾಗಿತ್ತು. ಇಬ್ಬರೂ ನನ್ನತ್ತ ತಿರುಗಿದರು. ನಾನು ಅಮ್ಮನ ಮೊಣಕಾಲಿನ ಮೇಲೆ ಕೈಯಿಟ್ಟೆ.

“ಅಮ್ಮ, ನೀನು ಒತ್ತಿರೋದು ಬ್ರೇಕ್ ಅಲ್ಲ. ನಿನ್ನ ಕಾಲಿಗೆ ಅದು ಗೊತ್ತಾಗ್ತಾ ಇಲ್ಲ.”