ಕುಗ್ಗಿ ಬೆಳೆಯುವ ಮೀನು

ಬಾಣಂತಿ ಪವಿತ್ರಾ ಮೀನುಗಳ ವಿಷಯ ಓದಿದವಳು. ಬೋನ್‌ಫಿಶ್ ಎಂಬ ಕಡಲ ಮೀನಿನ ಮರಿಗಳ ಬೆನ್ನು ಹತ್ತಿ ವರ್ಷಗಳನ್ನೇ ಕಳೆದವಳು. ಗೋಣಿಬೀಡಿನ ತವರಿಗೆ ಕೂಸು ನೋಡಲು ಬಂದವರಿಗೆಲ್ಲ ಅದರದೇ ಕಥೆ. ಬೆಳ್ಳಿ ಬಣ್ಣದ, ಮೈತುಂಬ ಮುಳ್ಳಿನ ಆ ಮೀನಿಗೂ ಹಾವುಮೀನಿಗೂ ನೋಡಲು ಎಲ್ಲಿಂದೆಲ್ಲಿಯ ಸಂಬಂಧ? ಆದರೂ ಎರಡನ್ನೂ ಒಂದೇ ಬಳಗಕ್ಕೆ ಸೇರಿಸಿದ್ದಾರೆ, ಯಾಕೆಂದರೆ ಎರಡರ ಮರಿಯೂ ಗಾಜಿನಷ್ಟು ತಿಳಿಯಾದ ರಿಬ್ಬನ್ನು. ಹಿಂದಿನವರು ಇಂಥ ಮರಿಗಳನ್ನು ಬೇರೆಯದೇ ಮೀನೆಂದು ತಿಳಿದಿದ್ದರಂತೆ. ಬೋನ್‌ಫಿಶ್ ಮರಿ ಬೆರಳುದ್ದ ಬೆಳೆದ ಮೇಲೆ ಉಣ್ಣುವುದನ್ನೇ ಬಿಟ್ಟು ಅರ್ಧಕ್ಕಿಂತ ಕಡಿಮೆಗೆ ಕುಗ್ಗುತ್ತದೆ. ಹಾಗೆ ಕುಗ್ಗುತ್ತಲೇ ಮೀನಿನ ರೂಪ ಬರುವುದು, ಮತ್ತೆ ಬೆಳೆಯುವುದು ಆಮೇಲೆ. ಇದನ್ನೆಲ್ಲ ಅವಳು ನಗುನಗುತ್ತ ಹೇಳುತ್ತಿದ್ದಳು.

ಮೂರನೇ ವಾರ ತನ್ನ ಮಗಳೇ ಬಡವಾದಂತೆ ಕಂಡಾಗ ಆ ನಗು ಎಲ್ಲಿ ಹೋಯಿತೋ. ಮೊದಲ ವಾರ ತೂಕ ಇಳಿದರೂ ಆಮೇಲೆ ಏರಬೇಕು ಎಂದಿದ್ದರು ನರ್ಸಮ್ಮ. ತೂಗಿ ನೋಡೋಣವೆಂದರೆ ಹಸುಗೂಸಿಗೆ ದೃಷ್ಟಿಯಾಗುತ್ತದೆಂದು ತಾಯಿ ಸರೋಜಮ್ಮ ಬಿಡಲೊಲ್ಲರು. ಅಣ್ಣ ಪ್ರಸಾದ್ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಕಾಫಿ ಹಣ್ಣು ತೂಗುವ, ಗಡಿಯಾರದಂಥ ಮುಳ್ಳಿನ ಸ್ಪ್ರಿಂಗ್ ತಕ್ಕಡಿ ಜಗಲಿಯಲ್ಲೇ ತೂಗಾಡುತ್ತಿತ್ತು. ಅಮ್ಮ ಬಚ್ಚಲೊಲೆಗೆ ಬೆಂಕಿ ಹಾಕಲು ಹೋದ ಹೊತ್ತು ನೋಡಿ ಪವಿತ್ರಾ ಮಗುವನ್ನು ಸೀರೆಯ ಜೋಳಿಗೆಯಲ್ಲಿಟ್ಟು, ಕೆಳಗೆ ಕೈ ಒಡ್ಡಿಕೊಂಡೇ, ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿದಳು. ಹುಟ್ಟಿದಾಗಿನ ತೂಕವೂ ಇಲ್ಲ! ಕೂಸನ್ನು ಇಳಿಸಿ ಎದೆಗವಚಿಕೊಂಡು ಅತ್ತುಬಿಟ್ಟಳು.

ಅಳು ಕೇಳಿ ಓಡಿಬಂದ ಪ್ರಸಾದ್ ತಕ್ಕಡಿ ನೋಡಿದವನೇ ನಕ್ಕುಬಿಟ್ಟ. ಗೋಣಿಚೀಲದ ಭಾರ, ಹಣ್ಣಿನ ಒದ್ದೆ ತೂಕದಿಂದ ಕಳೆಯಲೆಂದು ಅವನೇ ಮುಳ್ಳನ್ನು ಸೊನ್ನೆಯಿಂದ ಹಿಂದಕ್ಕೆ ತಿರುಗಿಸಿಟ್ಟಿದ್ದ. ಖಾಲಿ ತಕ್ಕಡಿ ಎಲ್ಲಿ ನಿಂತಿದೆಯೆಂದು ನೋಡುವಷ್ಟು ಸಮಾಧಾನ ಹೆತ್ತವಳಿಗೆಲ್ಲಿ? ಸರಿಮಾಡಿ ತೂಗಿದಾಗ ಕೂಸಿನ ತೂಕ ಚೆನ್ನಾಗಿಯೇ ಏರಿತ್ತು.

ಆದರೂ ಪವಿತ್ರಾಳ ಅಳು ನಿಲ್ಲಲಿಲ್ಲ. ಇಷ್ಟು ಓದಿಯೂ ಹೀಗೆ ಹೆದರಿದೆನಲ್ಲ ಎಂದು ನಾಚಿಕೆ ಬೇರೆ. ಅಷ್ಟರಲ್ಲಿ ಬಚ್ಚಲಿನಿಂದ ಬಂದ ಸರೋಜಮ್ಮ ಬೈಯಲಿಲ್ಲ. ಪಕ್ಕದಲ್ಲಿ ಕೂತು ಸೆರಗಿನಿಂದ ಮಗಳ ಮುಖ ಒರೆಸಿದರು.

"ನಿನ್ನ ಆ ಮೀನುಮರಿ ಸಣ್ಣ ಆಗೋ ಹೊತ್ತಲ್ಲಿ ಅದರಮ್ಮ ಎಲ್ಲಿರ್ತಾಳೆ?" ಎಂದು ಕೇಳಿದರು.

"ಎಲ್ಲೋ ಇರ್ತಾಳೆ. ಕಡಲಲ್ಲಿ ಮೊಟ್ಟೆ ಬಿಟ್ಟು ಹೋದವಳು ತಿರುಗಿ ನೋಡಲ್ಲಮ್ಮ."

"ಪಾಪ, ಅದಕ್ಕೆ ಏನಾಯ್ತೋ ಅಂತ ಹೆದರೋರೇ ಇಲ್ಲ ಹಂಗಾರೆ." ಸರೋಜಮ್ಮ ಕೂಸನ್ನೆತ್ತಿ ಮಗಳ ಮಡಿಲಿಗೆ ಹಾಕಿದರು. "ಇವಳ ಬಗ್ಗೆ ಹೆದರೋಕೆ ನೀನಿದೀಯ. ನಿನ್ನ ಬಗ್ಗೆ ಹೆದರೋಕೆ ನಾನಿದೀನಿ. ಹಾಲು ಕೊಡು."

ಪವಿತ್ರಾ ಅಮ್ಮನ ಹೆಗಲಿಗೆ ಒರಗಿಕೊಂಡೇ ಮಗಳಿಗೆ ಹಾಲೂಡಿದಳು.