ಶನಿವಾರ ಮುಗಿದಿರಲಿಲ್ಲ

ಹಾರವಾಡದ ಹೆದ್ದಾರಿ ಬದಿಯ ಪೆಟ್ರೋಲ್ ಪಂಪಿನಲ್ಲಿ ಯಶೋದೆಯ ಅಕ್ಷರಕ್ಕೆ ಒಳ್ಳೆ ಹೆಸರಿತ್ತು. ಗಾಳಿ ಹಾಕುವ ಯಂತ್ರ ಕೆಟ್ಟಿದೆ, ಚಿಲ್ಲರೆ ಕೊಡಿ, ಬೀಡಿ ಸೇದಬಾರದು ಎಂಬ ಬೋರ್ಡುಗಳೆಲ್ಲ ಅವಳ ಕೈಯವೇ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವಳು. ಹೊಸಬರ ಎದುರು ಬಾಯಿ ಏಳುತ್ತಿರಲಿಲ್ಲ. ಗಿರಾಕಿಗಳು "ಎಷ್ಟಾಯ್ತು?" ಎಂದು ಕೇಳಿದರೆ ಯಂತ್ರದ ಮೇಲಿನ ಅಂಕಿಯತ್ತ ಬೆರಳು ತೋರಿಸಿ ಸುಮ್ಮನಾಗುವಳು. ಪೆನ್ನು ಕೈಗೆ ಬಂದರೆ ಮಾತ್ರ ಅವಳಿಗೆ ಯಾರ ಅಂಜಿಕೆಯೂ ಇರಲಿಲ್ಲ. ಹಾಗಾಗಿ ಅಣ್ಣ ರೂಪೇಶ, "ತಂಗಿ, ಈ ಸಲ ನನ್ನ ಸಾಕ್ಷಿ ನೀನೇ" ಎಂದಾಗ ಅವಳಿಗೆ ಒಳಗೊಳಗೇ ಹಿಗ್ಗಾಯಿತು. ಸಂಬಳದ ಪುಸ್ತಕ ಬಿಟ್ಟರೆ ಅವಳ ಸಹಿಯನ್ನು ಈವರೆಗೆ ಯಾರೂ ಕೇಳಿರಲಿಲ್ಲ.

ರೂಪೇಶನ ಕೆಲಸ ಎಂದರೆ ನಿಲ್ಲುವುದು. ಮನೆ ತೋಡೂರಿನ ಕಾಲೊನಿಯಲ್ಲಿ. ಅಲ್ಲಿಂದ ನಾಲ್ಕು ಕಿಲೋಮೀಟರ್ ದೂರದ ಒಂದು ದೊಡ್ಡ ಗೇಟಿನಲ್ಲಿ ಅವನು ಕಾವಲುಗಾರ. ವಾಹನ ಬಂದರೆ ಅಡ್ಡಕೋಲು ಎತ್ತಬೇಕು, ಹೋದ ಮೇಲೆ ಇಳಿಸಬೇಕು. ಹನ್ನೊಂದು ವರ್ಷದಿಂದ ಅದೇ. ನಾಲ್ಕು ವರ್ಷದ ಕೆಳಗೆ ಒಂದು ಮಧ್ಯಾಹ್ನ ಮೈತುಂಬ ಧೂಳು ಮೆತ್ತಿಕೊಂಡ ಮೋಟರ್‌ಸೈಕಲ್ಲೊಂದು ಗೇಟಿಗೆ ಬಂತು. ತಲೆ ನರೆತ ಸವಾರ ನೀರು ಕೇಳಿದ. ಒಂದು ಹಗಲು ಒಂದು ರಾತ್ರಿಯೊಳಗೆ ಸಾವಿರ ಮೈಲಿ, ಅಂದರೆ ಸಾವಿರದ ಆರುನೂರ ಹತ್ತು ಕಿಲೋಮೀಟರ್ ಓಡಿಸಿ ಬಂದಿದ್ದನಂತೆ. ಹಿಂದಿನ ನಂಬರ್ ಪ್ಲೇಟಿನ ಕೆಳಗೆ ಅಂಗೈಯಷ್ಟು ಅಗಲದ ಹಿತ್ತಾಳೆ ಬಿಲ್ಲೆ. ಫೋನಿನಲ್ಲಿ ಪ್ರಮಾಣಪತ್ರದ ಚಿತ್ರ. "ಎಂತಕ್ಕೆ ಸರ್ ಇದೆಲ್ಲ?" ಎಂದು ರೂಪೇಶ ಕೇಳಿದ್ದಕ್ಕೆ ಆತ ಬಾಟಲಿ ತಿರುಗಿ ಕೊಡುತ್ತಾ, "ಮನೆಯಲ್ಲೂ ಇದನ್ನೇ ಕೇಳ್ತಾರೆ" ಎಂದು ನಕ್ಕ. ರೂಪೇಶ ಕೋಲು ಎತ್ತಿದ. ಆತ ಹೊರಟುಹೋದ.

ಅವತ್ತಿನಿಂದ ಶುರುವಾದ ಹುಚ್ಚು ಅದು. ಮನೆಯಲ್ಲಿ ಯಾರಿಗೂ ಅರ್ಥವಾಗಲಿಲ್ಲ. ಹೆಂಡತಿ ಹೀರಾ ಊಟಕ್ಕೆ ಬಡಿಸುವಾಗೆಲ್ಲ ಒಮ್ಮೆ ಕೇಳಿಯೇ ಕೇಳುವಳು: "ಹೊರಟ ಜಾಗಕ್ಕೇ ತಿರುಗಿ ಬರೂದಾದ್ರೆ ಹೋಗೂದ್ ಎಂತಕ್ಕೆ?"

ಯಶೋದೆಗೆ ಮಾತ್ರ ಒಮ್ಮೆ ಅವನು ಹೇಳಿದ್ದ. "ಗೇಟಿನಲ್ಲಿ ನನ್ ಕಾಲು ನಿಂತಿರ್ತದೆ, ತಲೆ ಓಡ್ತಿರ್ತದೆ. ಬೈಕ್ ಮ್ಯಾಲೆ ಉಲ್ಟಾ. ಐನೂರು ಆರುನೂರು ಕಿಲೋಮೀಟರ್ ಆದ್ಮೇಲೆ ತಲೆ ನಿಲ್ತದೆ ತಂಗಿ. ಪೂರಾ ನಿಲ್ತದೆ. ಆವಾಗ ಎಷ್ಟ್ ಸುಖ ಗೊತ್ತುಂಟಾ?" ಆಮೇಲೆ ಸೇರಿಸಿದ: "ಮತ್ತೆ ಆ ಕಾಗದ. ಈ ಮನುಷ್ಯ ಒಂದಿನ ನಿಲ್ಲಲೇ ಇಲ್ಲ ಅಂತ ಯಾರಾದ್ರೂ ಬರ್ದ್ ಕೊಡ್ಬೇಕಲ್ಲ."

ಕಾಗದ ಕೊಡುವವರು ದೂರದ ಊರಿನ ಒಂದು ಸವಾರರ ಸಂಘದವರು. ಅವರ ನಿಯಮ ಕಟ್ಟುನಿಟ್ಟು. ಇಪ್ಪತ್ತನಾಲ್ಕು ತಾಸು ಮೀರಬಾರದು. ಹೊರಡುವಾಗ ಮತ್ತು ಮುಟ್ಟಿದಾಗ ಒಬ್ಬ ಸಾಕ್ಷಿಯ ಸಹಿ ಬೇಕು. ಎಣ್ಣೆ ಹಾಕಿಸಿದಲ್ಲೆಲ್ಲ ಊರು, ದಿನಾಂಕ, ವೇಳೆ ಇರುವ ಬಿಲ್ ಬೇಕು. ಫೋನಿನ ಫೋಟೊ, ನಕ್ಷೆ ನಡೆಯುವುದಿಲ್ಲ.

ಮೊದಲ ಸಲ ದಾವಣಗೆರೆಯ ಹತ್ತಿರ ಟೈರ್ ಸೀಳಿತು. ಎರಡನೆಯ ಸಲ ಮಳೆಗಾಲದಲ್ಲಿ ಹೊರಟು, ರಸ್ತೆಗೆ ಗುಡ್ಡ ಕುಸಿದು ಯಲ್ಲಾಪುರದಿಂದಲೇ ತಿರುಗಿ ಬಂದ. ಅಷ್ಟರಲ್ಲಿ ಹೀರಾ ಬಸುರಿಯಾದಳು. "ಮೂರೇ ಸಲ. ಮೂರನೇದ್ ಆದ್ರೂ ಆಯ್ತು, ಆಗ್ದಿದ್ರೂ ಆಯ್ತು. ಆಮೇಲೆ ಬೈಕ್ ಈ ಅಂಗಳದಲ್ಲಿ ಇರೂಕಿಲ್ಲ" ಎಂದಳು. ರೂಪೇಶ ಅವಳ ತಲೆಯ ಮೇಲೆ ಕೈಯಿಟ್ಟು ಹೂಂ ಎಂದ.

ಮೂರನೆಯ ಸಲಕ್ಕೆ ಅವನು ಫೆಬ್ರವರಿಯ ಒಂದು ಆದಿತ್ಯವಾರ ಹುಡುಕಿಕೊಂಡ. ಮಳೆಯಿಲ್ಲ, ಲಾರಿ ಕಡಿಮೆ. ಹಾರವಾಡದಿಂದ ಹುಬ್ಬಳ್ಳಿ, ಬೆಂಗಳೂರು ದಾಟಿ ನಾಮಕ್ಕಲ್ ಮುಟ್ಟಿ ಹಾಗೇ ಹಿಂದೆ. ಬೆಳಗಿನ ಜಾವ ಎರಡಕ್ಕೆ ಎದ್ದಾಗ ಅವ್ವಿ ಮಂಜಿ ಗಂಜಿ ಬಿಸಿ ಮಾಡಿ ಇಟ್ಟಿದ್ದಳು.

"ಅವ್ವೀ, ಫ್ರಿಜ್ಜಿನಲ್ಲಿ ಬಂಗಡೆ ಇತ್ತಲ್ಲ? ಎರಡು ಹುರ್ದ್ ಹಾಕೆ."

"ಇವತ್ ಶನಿವಾರ. ಮೀನ್ ಮುಟ್ಟೂಕಿಲ್ಲ."

"ಹನ್ನೆರಡು ಹೊಡ್ದ್ ಎರಡು ತಾಸಾಯ್ತೇ. ಆಯ್ತವಾರ ಬಂತು."

"ಯಾರ್ ಮನೆಗೆ ಬಂತು?" ಮಂಜಿ ಸೌಟು ಎತ್ತಿದಳು. "ಕೋಳಿ ಕೂಗ್ಲಿಲ್ಲ, ಬಾಗ್ಲಿಗೆ ನೀರ್ ಹಾಕ್ಲಿಲ್ಲ, ಇವನಿಗೆ ಮಾತ್ರ ಆಯ್ತವಾರ ಬಂತಂತೆ. ಸುಮ್ನೆ ಉಪ್ಪಿನಕಾಯಿ ಹಚ್ಕೊಂಡ್ ಉಣ್ಣು."

ಯಶೋದೆಗೆ ನಗು ತಡೆಯಲಿಲ್ಲ. ಆ ಮನೆಯಲ್ಲಿ ವಾರದ ವಿಷಯಕ್ಕೆ ಅವ್ವಿಯ ಮಾತೇ ಕೊನೆ. ರೂಪೇಶ ಹುಟ್ಟಿದ್ದೂ ನಸುಕಿನ ಮೂರು ಗಂಟೆಗೆ. ಆಸ್ಪತ್ರೆಯವರು ಶನಿವಾರ ಎಂದು ಬರೆದುಕೊಟ್ಟಿದ್ದರೂ ಅವ್ವಿಯ ಪಾಲಿಗೆ ಅವನು ಇಂದಿಗೂ ಶುಕ್ರವಾರದ ಮಗ.

ಬೈಕಿನ ಹಿಂದೆ ಕೂತು ಯಶೋದೆಯೂ ಪಂಪಿಗೆ ಬಂದಳು. ರಾತ್ರಿ ಪಾಳಿಯ ರೋಹಿತ ಕಣ್ಣುಜ್ಜುತ್ತ ಎದ್ದು ಟ್ಯಾಂಕ್ ತುಂಬಿಸಿದ. ಬಿಲ್ ಕೇಳಿದರೆ ತಲೆ ಕೆರೆದ. "ಪ್ರಿಂಟ್ ರೋಲ್ ಮುಗ್ದದೆ. ಸತೀಶಣ್ಣ ಬೆಳಿಗ್ಗೆ ತರ್ತೆ ಅಂದ. ಕೈಬಿಲ್ ಆಗೂದಾ?"

"ಆಗ್ತದೆ. ಸೀಲ್ ಇದ್ರೆ ಸಾಕು" ಎಂದ ರೂಪೇಶ. "ತಂಗಿ, ನೀನೇ ಬರಿ. ನಿನ್ ಅಕ್ಷರ ಚೆಂದ."

ದುಡ್ಡು ಕೊಡಲು ಅವನು ಫೋನ್ ತೆಗೆಯುವಷ್ಟರಲ್ಲಿ ಯಶೋದೆ ಪರ್ಸಿನಿಂದ ನೋಟು ತೆಗೆದು ರೋಹಿತನ ಕೈಗೆ ತುರುಕಿದ್ದಳು. "ಇದ್ ನಂದು" ಎಂದಳು. ಆಮೇಲೆ ಆಫೀಸಿನ ಮೇಜಿಗೆ ಬಗ್ಗಿ ನಿಧಾನ ಬರೆದಳು. ಸ್ಥಳ ಹಾರವಾಡ. ದಿನಾಂಕ ಎಂಟು, ಶನಿವಾರ. ವೇಳೆ ಬೆಳಿಗ್ಗೆ 3.20. ಸಾಕ್ಷಿಯ ಕಾಗದದಲ್ಲೂ ಅದನ್ನೇ ಬರೆದು, ಕೆಳಗೆ ತನ್ನ ಹೆಸರನ್ನು ಪೂರ್ತಿಯಾಗಿ, ಒಂದು ಗೀಟೂ ಅಲುಗದ ಹಾಗೆ ಸಹಿ ಮಾಡಿದಳು. ರೂಪೇಶ ಕೈಗವಸು ಹಾಕಿಕೊಂಡಾಗಿತ್ತು. ಕಾಗದ ಓದಲಿಲ್ಲ. ಅವಳು ಬರೆದದ್ದನ್ನು ಓದಿ ನೋಡುವುದೇನಿದೆ? ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಜಾಕೀಟಿನೊಳಗೆ ತೂರಿಸಿ, "ಬತ್ತೆ" ಎಂದು ಹೊರಟ. ಕೆಂಪು ದೀಪ ಅಂಕೋಲೆಯ ಕಡೆ ಸಣ್ಣದಾಗುತ್ತ ಹೋಯಿತು.

ಬೆಳಿಗ್ಗೆ ಆರಕ್ಕೆ ಅವಳ ಪಾಳಿ. ಮ್ಯಾನೇಜರ್ ಸತೀಶ ತಂದ ಹೊಸ ರೋಲನ್ನು ಯಂತ್ರಕ್ಕೆ ಅವಳೇ ಹಾಕಿದಳು. ಆಮೇಲೆ ದಿನವಿಡೀ ಫೋನಿನ ನಕ್ಷೆಯಲ್ಲಿ ಅಣ್ಣ ಎಲ್ಲಿದ್ದಾನೆಂದು ತೋರಿಸುವ ಒಂದು ನೀಲಿ ಚುಕ್ಕೆ. ಏಳಕ್ಕೆ ಹಾವೇರಿ ದಾಟಿತು. ಹನ್ನೊಂದೂವರೆಗೆ ಬೆಂಗಳೂರು. ಮೂರರ ಹೊತ್ತಿಗೆ ನಾಮಕ್ಕಲ್ ಮುಟ್ಟಿ ತಿರುಗಿತು. ಡೀಸೆಲ್ ಹಾಕುತ್ತ ನೋಡುವಳು, ಉಣ್ಣುತ್ತ ನೋಡುವಳು. "ನಿನ್ ಅಣ್ಣ ಓಡ್ಸೂದೋ ನೀ ಓಡ್ಸೂದೋ?" ಎಂದು ಸತೀಶ ಚೇಷ್ಟೆ ಮಾಡಿದ.

ಸಂಜೆ ಆರಕ್ಕೆ ಹೊಸೂರಿನ ಹತ್ತಿರ ಚುಕ್ಕೆ ನಿಂತಿತು.

ಹತ್ತು ನಿಮಿಷ. ಇಪ್ಪತ್ತು. ಯಶೋದೆ ಫೋನ್ ಮಾಡಿದಳು. ರಿಂಗ್ ಆಗಿ ಆಗಿ ನಿಂತಿತು. ಹೀರಾ ಮನೆಯಿಂದ ಫೋನ್ ಮಾಡಿದಳು. "ನಿಂತದೆ ಅಲ್ದಾ? ನಂಗೂ ನಿಂತೇ ಕಾಣ್ತದೆ. ಯಶೂ, ಅಲ್ಲಿ ನಮ್ಮವರು ಯಾರಾದ್ರೂ ಇದ್ರಾ?" ಹೊಸೂರಿನಲ್ಲಿ ಅವರಿಗೆ ಯಾರಿರಬೇಕು? ಆ ಊರಿನ ಹೆಸರನ್ನೇ ಯಶೋದೆ ಅವತ್ತು ಮೊದಲ ಸಲ ಓದಿದ್ದು. ಫೋನಿನ ಗಾಜಿನ ಮೇಲೆ ಚುಕ್ಕೆಯನ್ನು ಬೆರಳಿನಿಂದ ಮುಂದಕ್ಕೆ ಸರಿಸಿದಳು. ನಕ್ಷೆ ಸರಿಯಿತೇ ಹೊರತು ಚುಕ್ಕೆ ರಸ್ತೆಯ ಮೇಲೆ ಇದ್ದಲ್ಲೇ ಇತ್ತು. ಐವತ್ತು ನಿಮಿಷ ಅವಳು ಅಲ್ಲೇ, ಗಾಳಿ ಹಾಕುವ ಕಂಬಕ್ಕೆ ಒರಗಿ ನಿಂತಿದ್ದಳು. ಆಮೇಲೆ ಚುಕ್ಕೆ ಒಮ್ಮೆ ಮಿಣುಕಿ, ಬೆಂಗಳೂರಿನತ್ತ ಹೊರಟಿತು. ಎಡಗೈ ಜೋಮು ಹಿಡಿದು ಕ್ಲಚ್ ಒತ್ತಲು ಬೆರಳೇ ಮಡಚುತ್ತಿರಲಿಲ್ಲ, ಮೋರಿಯ ಮೇಲೆ ಕೂತು ಕೈಯನ್ನು ತೊಡೆಗೆ ಬಡಿದುಕೊಳ್ಳುತ್ತಿದ್ದೆ ಎಂದು ಅವನು ಆಮೇಲೆ ಹೇಳಿದ.

ರಾತ್ರಿ ಅವ್ವಿಯೂ ಅವಳೂ ಪಂಪಿನ ಆಫೀಸಿನಲ್ಲೇ ಕೂತರು. ಎರಡೂವರೆ ದಾಟುತ್ತಿದ್ದಂತೆ ಅಂಕೋಲೆಯ ಕಡೆಯಿಂದ ಒಂಟಿ ದೀಪ ಬಂತು. ಗಾಡಿ ನಿಲ್ಲಿಸಿದವನಿಗೆ ಇಳಿಯಲಾಗಲಿಲ್ಲ. ರೋಹಿತ ಒಂದು ಕಡೆ, ಯಶೋದೆ ಒಂದು ಕಡೆ ಹಿಡಿದು ಇಳಿಸಿದರು. ಕಣ್ಣು ಕೆಂಡ, ತುಟಿ ಬಿರಿದಿತ್ತು, ಮುಖದಲ್ಲಿ ಮಾತ್ರ ಎಂಥದೋ ತಿಳಿ.

"ಗಂಟೆ ಎಷ್ಟು?"

"ಎರಡು ಮೂವತ್ತೈದು."

"ಇನ್ನೂ ನಲವತ್ತೈದು ನಿಮಿಷ ಉಳ್ದದೆ" ಎಂದು ಅವನು ನೆಲದ ಮೇಲೇ ಕೂತುಬಿಟ್ಟ.

ಈಗ ಯಂತ್ರ ಬಿಲ್ ಕೊಟ್ಟಿತು. ಅದರಲ್ಲಿದ್ದ ದಿನಾಂಕ, ವೇಳೆಗಳನ್ನು ಯಶೋದೆ ಹಾಗೆಯೇ ಸಾಕ್ಷಿಯ ಕಾಗದಕ್ಕೆ ಇಳಿಸಿ ಸಹಿ ಹಾಕಿದಳು. ಮಂಜಿ ಸ್ಟೀಲ್ ಡಬ್ಬಿ ಬಿಚ್ಚಿದಳು. ಹುರಿದ ಬಂಗಡೆ.

"ಸೋಮವಾರ ಅಲ್ದಾ ಅವ್ವಿ? ಸೋಮವಾರವೂ ನೀ ಮೀನ್ ಕೊಡೂದಿಲ್ಲಲ್ಲ?"

"ಆಯ್ತವಾರ ಇನ್ನೂ ಮುಗಿಲಿಲ್ಲ. ತಿನ್ನು."

ಎಲ್ಲರೂ ನಕ್ಕರು. ಅವನ ಬೆರಳು ಮಡಚುತ್ತಿರಲಿಲ್ಲವೆಂದು ಅವ್ವಿಯೇ ಮುಳ್ಳು ಬಿಡಿಸಿ ಬಾಯಿಗಿಟ್ಟಳು.

ಕಾಗದಪತ್ರ ಕಳಿಸಿದ ಎರಡೂವರೆ ತಿಂಗಳಿಗೆ ಸಂಘದಿಂದ ಉತ್ತರ ಬಂತು. ರೂಪೇಶ ಅದನ್ನು ಹಿಡಿದು ಡ್ಯೂಟಿಯ ಅಂಗಿಯಲ್ಲೇ ಪಂಪಿಗೆ ಬಂದ. ಅವಳನ್ನು ಬೈಯಲಿಲ್ಲ. "ಕೈಬಿಲ್ಲಿನ ಪುಸ್ತಕ ತೋರ್ಸು" ಎಂದನಷ್ಟೆ. ಕಾರ್ಬನ್ ಪ್ರತಿಯಲ್ಲಿ ನೀಲಿಯಾಗಿ, ದುಂಡಗೆ ಇತ್ತು: ಎಂಟು, ಶನಿವಾರ, 3.20.

ಸಂಘದವರ ಲೆಕ್ಕದಲ್ಲಿ ಹೊರಟಿದ್ದು ಶನಿವಾರ, ಮುಟ್ಟಿದ್ದು ಸೋಮವಾರ. ನಲವತ್ತೇಳು ತಾಸು ಹದಿನೈದು ನಿಮಿಷ. ಪ್ರಯತ್ನಕ್ಕೆ ವಂದನೆಗಳು ಎಂದು ಬರೆದಿದ್ದರು.

ಯಶೋದೆ ಅದನ್ನು ಎರಡು ಸಲ ಓದಿದಳು. ಎರಡೂ ಬಿಲ್ ಅವಳೇ ಬರೆದಿದ್ದರೆ ಶನಿವಾರ ಹೊರಟು ಆದಿತ್ಯವಾರ ಮುಟ್ಟಿದ ಹಾಗಾಗುತ್ತಿತ್ತು. ಎರಡನ್ನೂ ಯಂತ್ರ ಬರೆದಿದ್ದರೂ ಸರಿಹೋಗುತ್ತಿತ್ತು. ರೋಲ್ ಹಾಕಿದ್ದು ಅವಳ ಕೈಯೇ.

ಸತೀಶ ಒಳ್ಳೆಯವನು, ದಾರಿ ಹುಡುಕಿದ. ಕ್ಯಾಮೆರಾದಲ್ಲಿ ಹದಿನೈದು ದಿನದ್ದು ಮಾತ್ರ ಉಳಿಯುತ್ತದೆ. ಪಾಳಿಯ ಪುಸ್ತಕ ತೆಗೆದ. ಪಂಪಿನಲ್ಲೂ ದಿನವೆಂದರೆ ಬೆಳಿಗ್ಗೆ ಆರರಿಂದ ಮರುದಿನ ಬೆಳಿಗ್ಗೆ ಆರು, ಆ ಪೆಟ್ರೋಲು ಅಲ್ಲಿಯೂ ಶನಿವಾರದ ಪುಟದಲ್ಲೇ ಕೂತಿತ್ತು. "ಫೋನಿನಿಂದ ದುಡ್ಡ್ ಕೊಟ್ಟಿದ್ರೆ ವೇಳೆ ಸಮೇತ ಇರ್ತಿತ್ತಲ್ಲ?" ಎಂದ. ಯಶೋದೆ ಪಾಳಿಯ ಪುಸ್ತಕ ಮುಚ್ಚಿಟ್ಟಳು.

ರೂಪೇಶ ಸಂಘಕ್ಕೆ ಫೋನ್ ಮಾಡಿ ಸ್ಪೀಕರ್ ಹಾಕಿದ. ತನಗೆ ಬರುವ ಹಿಂದಿಯಲ್ಲಿ ಎಲ್ಲ ಹೇಳಿದ. ಆ ಕಡೆಯವನು ಸಮಾಧಾನದಿಂದ ಕೇಳಿಸಿಕೊಂಡ. ನಿಮ್ಮ ಮಾತು ನಂಬುತ್ತೇವೆ, ಆದರೆ ನೋಡಬೇಕಾದ್ದು ಕಾಗದವನ್ನು, ಆಮೇಲೆ ತಿದ್ದಿದ್ದನ್ನು ಒಪ್ಪುವ ಹಾಗಿಲ್ಲ, ಇನ್ನೊಮ್ಮೆ ಪ್ರಯತ್ನಿಸಿ ಎಂದ. ಯಶೋದೆ ಫೋನಿನ ಹತ್ತಿರ ಬಗ್ಗಿದಳು. ನನ್ನದೇ ತಪ್ಪು, ನಾನೇ ಸಾಕ್ಷಿ ಎಂದು ಹೇಳಬೇಕಿತ್ತು. ಗಂಟಲಿನಿಂದ ಗಾಳಿ ಮಾತ್ರ ಬಂತು. ಆ ಕಡೆಯವನು ಹಲೋ ಹಲೋ ಎಂದು ಇಟ್ಟುಬಿಟ್ಟ.

ಅವತ್ತು ಮನೆಗೆ ಹೋದವಳು ನೋಟ್‌ಬುಕ್ಕಿನ ಎರಡು ಪುಟ ಬರೆದಳು. ನಮ್ಮ ಮನೆಯಲ್ಲಿ ಬೆಳಕು ಹರಿದು ಬಾಗಿಲಿಗೆ ನೀರು ಹಾಕುವವರೆಗೆ ವಾರ ಬದಲಾಗುವುದಿಲ್ಲ ಎಂದು ಬರೆದಳು. ಅಂದು ಅಣ್ಣ ಗಂಜಿಗೆ ಉಪ್ಪಿನಕಾಯಿ ಹಚ್ಚಿಕೊಂಡು ಉಂಡ, ಮೀನು ತಿನ್ನಲಿಲ್ಲ ಎಂಬುದನ್ನೂ ಬರೆದಳು. ರೂಪೇಶ ದೀಪದ ಕೆಳಗೆ ನಿಂತು ಓದಿದ. "ಚೆಂದ ಬರ್ದಿದ್ದಿ" ಎಂದ. ಮಡಚಿ, ಬಿಲ್ಲುಗಳಿದ್ದ ಅದೇ ಪ್ಲಾಸ್ಟಿಕ್ ಚೀಲದಲ್ಲಿಟ್ಟ. ಯಾರಿಗೂ ಕಳಿಸಲಿಲ್ಲ.

ಎಂಟು ತಿಂಗಳ ಹೊಟ್ಟೆ ಹೊತ್ತ ಹೀರಾಳ ಮನಸ್ಸೂ ಕರಗಿತು. "ಅವ್ರು ಲೆಕ್ಕಕ್ಕಿಲ್ಲ ಅಂದ್ಮೇಲೆ ಮೂರನೇದ್ ಆಗ್ಲೇ ಇಲ್ಲ ಅಲ್ದಾ? ಹೆರಿಗೆ ಆದ್ಮೇಲೆ ಇನ್ನೊಂದ್ ಸಲ ಹೋಗಿ ಬನ್ನಿ."

"ಲೆಕ್ಕಕ್ಕಿಲ್ಲ ಅಂದವ್ರು ಅವ್ರು" ಎಂದ ರೂಪೇಶ. "ನಾ ಹೋಗಿ ಬಂದದ್ದು ಹೌದಲ್ಲ. ಮೂರಾಯ್ತು."

ಯಶೋದೆ ಒಲೆಯ ಮುಂದೆ ತಲೆ ತಗ್ಗಿಸಿ ಕೂತಿದ್ದಳು. ಅವನು ಕೂಗಾಡಿದ್ದರೆ, ಪೆನ್ನು ಕಸಿದು ಎಸೆದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಬೈಕ್ ಕೊಂಡವನು ಅಂಕೋಲೆಯ ಗಣೇಶ ಎಂಬವನು. ಒಯ್ಯಲು ಅವನು ಬಸ್ಸಿನಲ್ಲಿ ಹಾರವಾಡದವರೆಗೆ ಬಂದಿದ್ದ. ರೂಪೇಶ ಕೊನೆಯ ಸಲ ಟ್ಯಾಂಕ್ ತುಂಬಿಸಿದ. ಯಂತ್ರ ಕರ್ ಎಂದು ಬಿಲ್ ಹೊರಹಾಕಿತು. ಅವನು ಅದನ್ನು ಹರಿದು ತಂಗಿಯ ಕಡೆ ಚಾಚಿದ.

"ಸರಿ ಉಂಟಾ ಕಾಣು."

ಚೇಷ್ಟೆಯೋ ರೂಢಿಯೋ ಅವಳಿಗೆ ತಿಳಿಯಲಿಲ್ಲ. ದಿನಾಂಕ ನೋಡಿದಳು, ವೇಳೆ ನೋಡಿದಳು. ಬೆಳಿಗ್ಗೆ ಹತ್ತೂಕಾಲು. ಎಲ್ಲ ಸರಿಯಿತ್ತು. ಹೌದೆಂದು ತಲೆಯಾಡಿಸಿದಳು. ಗಣೇಶ ಕಿಕ್ ಹೊಡೆದು ಹೊರಟುಹೋದ.

ರೂಪೇಶ ಹೆದ್ದಾರಿ ದಾಟಿ ಕಾರವಾರದ ಬಸ್ಸಿಗೆ ಕಾಯುತ್ತ ನಿಂತ. ಬಸ್ಸು ಬರುವ ಮೊದಲು ಅಂಕೋಲೆಯ ಕಡೆಯಿಂದ ಏಳೆಂಟು ಮೋಟರ್‌ಸೈಕಲ್ಲುಗಳು ಒಂದರ ಹಿಂದೊಂದು ಬಂದವು. ಎರಡೂ ಬದಿಗೆ ಚೀಲ ಕಟ್ಟಿದ, ಧೂಳು ಹೊತ್ತ ಗಾಡಿಗಳು. ಯಶೋದೆ ಈ ಕಡೆಯಿಂದ ನೋಡುತ್ತಲೇ ಇದ್ದಳು. ಮೊದಲನೆಯದು ಹತ್ತಿರ ಬಂದಾಗ ಅಣ್ಣನ ಬಲಗೈ ಗೇಟಿನ ಅಡ್ಡಕೋಲಿನ ಹಾಗೆ ತಾನಾಗಿ ಮೇಲೆದ್ದಿತು. ಎಲ್ಲ ದಾಟುವವರೆಗೂ ಹಾಗೇ ಗಾಳಿಯಲ್ಲಿ ನಿಂತಿತ್ತು. ಕೊನೆಯದು ಹೋದ ಮೇಲೆ ನಿಧಾನವಾಗಿ ಇಳಿಯಿತು.

"ಎಷ್ಟಾಯ್ತು?" ಎಂದ ಗಿರಾಕಿ.

ಅವಳು ಅಂಕಿಯತ್ತ ಬೆರಳು ತೋರಿಸಿದಳು.